ರುಜುವಾತು ಯಾರ ಹೊಣೆ? ವಿದೇಶಿಯರ ಕಾನೂನಿನ ಒಂದು ಸೆಕ್ಷನ್ ನಡೆದು ಬಂದ ದಾರಿ

2025ರ ಮಾರ್ಚ್ 27ರಂದು ಲೋಕಸಭೆಯಲ್ಲಿ ವಲಸೆ ಮತ್ತು ವಿದೇಶಿಯರ ಮಸೂದೆಯ ಚರ್ಚೆಗೆ ಉತ್ತರ ಕೊಡುತ್ತ ಗೃಹ ಸಚಿವ ಅಮಿತ್ ಶಾ, ಭಾರತ ಧರ್ಮಛತ್ರವಲ್ಲ ಎಂದರು. ದೊಡ್ಡ ಸುದ್ದಿಯಾದದ್ದು ಆ ಮಾತು. ಅದಕ್ಕೆ ಮೊದಲು, ಮಾರ್ಚ್ 11ರಂದು ಮಸೂದೆ ಮಂಡನೆಯಾದಾಗ ಕಾಂಗ್ರೆಸ್ಸಿನ ಮನೀಶ್ ತಿವಾರಿ ಮೂಲಭೂತ ಹಕ್ಕುಗಳ ಪ್ರಶ್ನೆ ಎತ್ತಿ ಮಂಡನೆಯನ್ನೇ ವಿರೋಧಿಸಿದ್ದರು. ದೇಶದ ಭದ್ರತೆ ಒಂದು ತಕ್ಕಡಿಯಲ್ಲಿ, ವ್ಯಕ್ತಿಯ ಹಕ್ಕು ಇನ್ನೊಂದರಲ್ಲಿ: ಸಂಸತ್ತಿನಲ್ಲಿ ಈ ವಾದ ಏಳು ದಶಕಗಳಿಂದ ಹೀಗೇ ನಡೆದಿದೆ. ಆದರೆ ಪೊಲೀಸರು ಬಂದು ಬಾಗಿಲು ತಟ್ಟಿದ ಮೇಲೆ ಒಬ್ಬ ಮನುಷ್ಯನ ಗತಿ ಏನಾಗುತ್ತದೆ ಎಂಬುದು ಹೊಸ ಕಾಯ್ದೆಯ 16ನೇ ಸೆಕ್ಷನ್ನಿನಲ್ಲಿದೆ. ತಾನು ವಿದೇಶಿಯಲ್ಲ ಎಂದು ರುಜುವಾತು ಮಾಡುವ ಹೊಣೆ ಆ ವ್ಯಕ್ತಿಯದೇ ಎಂದು ಅದು ಹೇಳುತ್ತದೆ.

ನಮ್ಮ ಸಾಕ್ಷ್ಯ ಕಾನೂನಿನ ಸಾಮಾನ್ಯ ನಿಯಮ ಇದಕ್ಕೆ ತದ್ವಿರುದ್ಧ. ಆರೋಪ ಮಾಡಿದವನೇ ಸಾಬೀತು ಮಾಡಬೇಕು. 1872ರ ಕಾಯ್ದೆಯಲ್ಲಿ ಅದು 101ನೇ ಸೆಕ್ಷನ್, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 104. ಕಳ್ಳತನದ ಆರೋಪಿ ತಾನು ಕದ್ದಿಲ್ಲವೆಂದು ಸಾಬೀತು ಮಾಡಬೇಕಾಗಿಲ್ಲ. ವಿದೇಶಿ ಎಂದು ಶಂಕೆಗೊಳಗಾದವನು ಮಾತ್ರ ತನ್ನ ಪೌರತ್ವವನ್ನು ತಾನೇ ಸಾಬೀತು ಮಾಡಬೇಕು.

ಈ ಅಪವಾದ ಹುಟ್ಟಿದ್ದು ಬ್ರಿಟಿಷರ ಕಾಲದಲ್ಲಿ. ಎರಡನೇ ಮಹಾಯುದ್ಧದ ತುರ್ತಿಗಾಗಿ 1940ರಲ್ಲಿ ವಿದೇಶಿಯರ ಕಾಯ್ದೆ ಬಂತು. ಅದರ ಜಾಗಕ್ಕೆ 1946ರ ನವೆಂಬರ್‌ನಲ್ಲಿ ಬಂದ ಕಾಯ್ದೆಯ 9ನೇ ಸೆಕ್ಷನ್ನಿನಲ್ಲಿ ಈ ಹೊಣೆ ಸ್ಥಿರವಾಯಿತು. ಹಡಗಿನಿಂದಿಳಿದ ಯುರೋಪಿಯನ್ನನ ಬಳಿ ಪಾಸ್‌ಪೋರ್ಟ್ ಇರುತ್ತದೆ, ಆತ ಯಾವ ದೇಶದವನೆಂದು ಅವನಿಗೇ ಚೆನ್ನಾಗಿ ಗೊತ್ತು. ಅಂಥವನ ಮೇಲೆ ಈ ಹೊಣೆ ಹೊರಿಸಿದರೆ ಅನ್ಯಾಯವೇನಿಲ್ಲ. ಮರುವರ್ಷ ದೇಶ ಎರಡಾಯಿತು. ಗಡಿ ದಾಟಿ ಬಂದವರೂ ಇಲ್ಲೇ ಹುಟ್ಟಿದವರೂ ಒಂದೇ ಭಾಷೆಯವರು, ಒಂದೇ ಚಹರೆಯವರು, ಹಲವರ ಕೈಯಲ್ಲಿ ಒಂದು ತುಂಡು ಕಾಗದವೂ ಇಲ್ಲ. ನಿಯಮ ಮಾತ್ರ ಹಾಗೇ ಉಳಿಯಿತು.

1949ರ ಆಗಸ್ಟ್‌ನಲ್ಲಿ ಸಂವಿಧಾನ ಸಭೆ ಪೌರತ್ವದ ವಿಧಿಗಳನ್ನು ಕೈಗೆತ್ತಿಕೊಂಡಾಗ, ಕರಡು ಸಮಿತಿಗೆ ಇಷ್ಟು ತಲೆನೋವು ತಂದ ವಿಧಿ ಇನ್ನೊಂದು ಇದ್ದರೆ ಹೆಚ್ಚು ಎಂಬ ಅರ್ಥದಲ್ಲಿ ಅಂಬೇಡ್ಕರ್ ಹೇಳಿದ್ದರು. ಪಾಕಿಸ್ತಾನಕ್ಕೆ ಹೋಗಿ ಪರವಾನಗಿಯ ಮೇಲೆ ಮರಳಿದವರಿಗೆ ಪೌರತ್ವ ಕೊಡುವ ಅಂಶಕ್ಕೆ ಜಸ್ಪತ್ ರಾಯ್ ಕಪೂರ್ ಕಟುವಾಗಿ ವಿರೋಧ ಹೇಳಿದ್ದೂ ಅದೇ ಚರ್ಚೆಯಲ್ಲಿ. 1950ರ ಮಾರ್ಚ್ 1ರಿಂದ ಅಸ್ಸಾಂಗೆಂದೇ ವಲಸಿಗರನ್ನು ಹೊರಹಾಕುವ ಕಾಯ್ದೆ ಜಾರಿಗೆ ಬಂತು. ಗಲಭೆ ಅಥವಾ ಅದರ ಭಯದಿಂದ ಪಾಕಿಸ್ತಾನ ಬಿಟ್ಟು ಬಂದವರಿಗೆ ಅದರಲ್ಲಿ ವಿನಾಯಿತಿ ಇತ್ತು. 1951ರಲ್ಲಿ ಜನಗಣತಿಯ ಜೊತೆಗೇ ಅಸ್ಸಾಂನಲ್ಲಿ ಪೌರರ ನೋಂದಣಿ ತಯಾರಾಯಿತು. 1957ರ ತಿದ್ದುಪಡಿಯಿಂದ ‘ಭಾರತದ ಪೌರನಲ್ಲದವನು’ ಎಂದರೆ ವಿದೇಶಿ ಎಂದಾಯಿತು. ಅಲ್ಲಿಯವರೆಗೆ ಪಾಕಿಸ್ತಾನದಿಂದ ಬಂದವರು 1946ರ ಕಾಯ್ದೆಯ ವ್ಯಾಖ್ಯೆಯೊಳಗೇ ಬರುತ್ತಿರಲಿಲ್ಲ. 1964ರ ಆದೇಶ ವಿದೇಶಿಯರ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು.

9ನೇ ಸೆಕ್ಷನ್ ಒಮ್ಮೆ ಮಾತ್ರ ಪಕ್ಕಕ್ಕೆ ಸರಿದಿತ್ತು. ಅದೂ ಅಸ್ಸಾಂನಲ್ಲಿ, 22 ವರ್ಷ.

1979ರಲ್ಲಿ ಮಂಗಲ್‌ದೋಯಿ ಲೋಕಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ವಿದೇಶಿಯರ ಹೆಸರುಗಳಿವೆ ಎಂದು ಎದ್ದ ತಕರಾರು ಇಡೀ ರಾಜ್ಯದ ಚಳವಳಿಯಾಗಿ ಬೆಳೆಯಿತು. 1980ರ ಚುನಾವಣೆಯಲ್ಲಿ ಅಸ್ಸಾಂನ 14 ಲೋಕಸಭಾ ಕ್ಷೇತ್ರಗಳ ಪೈಕಿ 12ರಲ್ಲಿ ಮತದಾನವೇ ಆಗಲಿಲ್ಲ. 1983ರ ಫೆಬ್ರವರಿ 18ರಂದು ನೆಲ್ಲಿಯಲ್ಲಿ ಹತ್ಯಾಕಾಂಡ ನಡೆಯಿತು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 1,800ರಷ್ಟು. ಆ ವರ್ಷದ ಕೊನೆಗೆ ಸಂಸತ್ತು ಅಕ್ರಮ ವಲಸಿಗರ (ನ್ಯಾಯಮಂಡಳಿಗಳಿಂದ ನಿರ್ಧಾರ) ಕಾಯ್ದೆಯನ್ನು ಅಂಗೀಕರಿಸಿತು. ಐಎಂಡಿಟಿ ಎಂದೇ ಅದು ಹೆಸರಾಯಿತು. 1971ರ ಮಾರ್ಚ್ 25 ಅಥವಾ ಆಮೇಲೆ ಬಂದವರಿಗೆ ಇದು ಅನ್ವಯಿಸುತ್ತಿತ್ತು. ರುಜುವಾತಿನ ಹೊಣೆಯ ಬಗ್ಗೆ ಕಾಯ್ದೆ ಏನನ್ನೂ ಹೇಳಲಿಲ್ಲ. ಹಾಗೆ ಸುಮ್ಮನಿದ್ದುದರಿಂದಲೇ ಹೊಣೆ ದೂರು ಕೊಟ್ಟವರ ಮೇಲೆ, ಸರ್ಕಾರದ ಮೇಲೆ ಬಿತ್ತು.

ಅಲ್ಪಸಂಖ್ಯಾತರಿಗೆ ಕಿರುಕುಳ ಆಗಬಾರದೆಂಬ ಅದರ ಉದ್ದೇಶ ಸರಿಯಾಗಿತ್ತು. ಕಟ್ಟಿದ ರೀತಿ ಸರಿಯಿರಲಿಲ್ಲ. ಖಾಸಗಿ ವ್ಯಕ್ತಿ ದೂರು ಕೊಡಬೇಕಾದರೆ ಶಂಕಿತನ ಮನೆಯಿಂದ 3 ಕಿಲೋಮೀಟರ್ ಒಳಗೆ ವಾಸವಿರಬೇಕು, ಇಬ್ಬರ ಅಫಿಡವಿಟ್ ಲಗತ್ತಿಸಬೇಕು, ಶುಲ್ಕ ಕಟ್ಟಬೇಕು. ಒಬ್ಬನಿಗೆ ಹತ್ತಕ್ಕಿಂತ ಹೆಚ್ಚು ಅರ್ಜಿ ಕೊಡಲು ಅವಕಾಶವಿಲ್ಲ. ನೆರೆಯವನ ಮೇಲೆ ನೆರೆಯವನೇ ಸಾಕ್ಷಿ ಹೇಳಬೇಕು ಎಂದರೆ ಯಾರು ಮುಂದೆ ಬರುತ್ತಾರೆ? 1988ರಲ್ಲಿ 3 ಕಿಲೋಮೀಟರ್ ಮಿತಿ ತೆಗೆದು ಒಂದೇ ಪೊಲೀಸ್ ಠಾಣೆಯ ವ್ಯಾಪ್ತಿ ಎಂದು ಮಾಡಿದರು. ಪೊಲೀಸರ ವರದಿಯೂ ನೇರವಾಗಿ ನ್ಯಾಯಮಂಡಳಿಗೆ ಹೋಗುತ್ತಿರಲಿಲ್ಲ. ನಡುವೆ ಪರಿಶೀಲನಾ ಸಮಿತಿಯ ಜರಡಿ ಇತ್ತು. 1985ರ ಆಗಸ್ಟ್ 15ರ ಅಸ್ಸಾಂ ಒಪ್ಪಂದದಲ್ಲಿಯೇ ಈ ಕಾಯ್ದೆಯ ತೊಡಕುಗಳನ್ನು ಪರಿಗಣಿಸುವುದಾಗಿ ಕೇಂದ್ರ ಒಪ್ಪಿಕೊಂಡಿತ್ತು. 2003ರಲ್ಲಿ ಲೋಕಸಭೆಗೆ ಬಂದ ರದ್ದತಿ ಮಸೂದೆ, ಸದನ ವಿಸರ್ಜನೆಯಾದ್ದರಿಂದ ಬಿದ್ದುಹೋಯಿತು.

ಸಂಸತ್ತು ಮಾಡದ್ದನ್ನು ಕೋರ್ಟು ಮಾಡಿತು. ಅಖಿಲ ಅಸ್ಸಾಂ ವಿದ್ಯಾರ್ಥಿ ಸಂಘದ (ಆಸು) ಮಾಜಿ ಅಧ್ಯಕ್ಷ, ಮುಂದೆ ಮುಖ್ಯಮಂತ್ರಿಯಾದ ಸರ್ಬಾನಂದ ಸೋನೋವಾಲ್ ಅರ್ಜಿಯ ಮೇಲೆ 2005ರ ಜುಲೈ 12ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಐಎಂಡಿಟಿಯನ್ನು ರದ್ದು ಮಾಡಿತು. ಕೇಂದ್ರವೇ ಕೊಟ್ಟ ಅಂಕಿಗಳು ತೀರ್ಪಿನಲ್ಲಿವೆ: 2000ದ ಏಪ್ರಿಲ್ ಕೊನೆಯವರೆಗೆ 3,10,759 ಪ್ರಕರಣಗಳಲ್ಲಿ ವಿಚಾರಣೆ ಶುರುವಾಗಿತ್ತು, ಅಕ್ರಮ ವಲಸಿಗರೆಂದು ತೀರ್ಮಾನವಾದವರು 10,015 ಮಂದಿ, ದೇಶದ ಹೊರಗೆ ಹೋದವರು 1,481. ವಿದೇಶಿಯರ ಕಾಯ್ದೆಯೇ ಚಾಲ್ತಿಯಲ್ಲಿದ್ದ ಪಶ್ಚಿಮ ಬಂಗಾಳದಲ್ಲಿ 1983ರಿಂದ 1998ರ ನವೆಂಬರ್‌ವರೆಗೆ ಹೊರಹಾಕಿದವರು 4,89,046. ಸಂವಿಧಾನದ 355ನೇ ವಿಧಿಯಂತೆ ರಾಜ್ಯಗಳನ್ನು ಬಾಹ್ಯ ಆಕ್ರಮಣದಿಂದ ಕಾಯುವುದು ಕೇಂದ್ರದ ಕರ್ತವ್ಯ. ಭಾರೀ ಪ್ರಮಾಣದ ಅಕ್ರಮ ವಲಸೆಯೂ ಅಂಥ ಆಕ್ರಮಣವೇ ಎಂದು ಪೀಠ ಹೇಳಿತು. ಅಪರಾಧ ಕಾನೂನು, ವಲಸೆ, ದೇಶದ ಏಕತೆ ಮೂರೂ ಒಂದೇ ಗಂಟಾಗಿ ಬಿಗಿದದ್ದು ಈ ತೀರ್ಪಿನಲ್ಲಿ.

ಆ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವಾಗ ಎಚ್ಚರ ಬೇಕು. ಅಸ್ಸಾಂನಲ್ಲಿ ನ್ಯಾಯಮಂಡಳಿಯ ಮುಂದೆ ವಿಚಾರಣೆ ಆಗಲೇಬೇಕಿತ್ತು. ಬಂಗಾಳದಲ್ಲಿ ಆಡಳಿತದ ಆದೇಶವೇ ಸಾಕಾಗುತ್ತಿತ್ತು. ಹೊರಹಾಕಿದವರ ಸಂಖ್ಯೆ ದೊಡ್ಡದು ಎಂಬುದರಿಂದ ಅವರೆಲ್ಲರ ಅಹವಾಲು ಕೇಳಲಾಗಿತ್ತು ಎಂದೇನೂ ಸಿದ್ಧವಾಗುವುದಿಲ್ಲ.

2006ರ ಫೆಬ್ರವರಿಯಲ್ಲಿ ಕೇಂದ್ರ ಅಸ್ಸಾಂಗೆ ಪ್ರತ್ಯೇಕ ಆದೇಶ ಹೊರಡಿಸಿ ಹಳೆಯ ರಕ್ಷಣೆಯನ್ನು ಹಿತ್ತಿಲ ಬಾಗಿಲಿನಿಂದ ತರಲು ನೋಡಿತು. ಅದೇ ಡಿಸೆಂಬರ್ 5ರಂದು ಅದೂ ರದ್ದಾಯಿತು. ಅಲ್ಲಿಂದ ಅಸ್ಸಾಂನಲ್ಲೂ 9ನೇ ಸೆಕ್ಷನ್ ಪೂರ್ತಿಯಾಗಿ ಜಾರಿಗೆ ಬಂತು.

ಇಂಥ ಪ್ರಕರಣ ನಡೆಯುವ ಬಗೆ ನೋಡೋಣ. ಗಡಿ ಪೊಲೀಸ್ ವಿಭಾಗದ ವರದಿಯಿಂದಲೋ, 1997ರಿಂದ ಮತದಾರರ ಪಟ್ಟಿಯಲ್ಲಿ ಹೆಸರಿನ ಮುಂದೆ ಹಾಕುತ್ತಿರುವ ‘ಡಿ’ (ಡೌಟ್‌ಫುಲ್, ಅಂದರೆ ಪೌರತ್ವ ಶಂಕಾಸ್ಪದ) ಗುರುತಿನಿಂದಲೋ ನ್ಯಾಯಮಂಡಳಿಗೆ ಪ್ರಕರಣ ಹೋಗುತ್ತದೆ. 2025ರವರೆಗೆ ಜಾರಿಯಲ್ಲಿದ್ದ 1964ರ ಆದೇಶದ ಪ್ರಕಾರ ನೋಟಿಸ್ ಕೈಸೇರಿದ ಮೇಲೆ ಉತ್ತರ ಕೊಡಲು 10 ದಿನ, ಸಾಕ್ಷ್ಯ ಹಾಜರುಪಡಿಸಲು ಮತ್ತೆ 10 ದಿನ ಇತ್ತು. ಪ್ರಕರಣ 60 ದಿನದಲ್ಲಿ ಮುಗಿಯಬೇಕಿತ್ತು. 1951ರ ನೋಂದಣಿಯ ಪ್ರತಿ, 1966 ಮತ್ತು 1971ರ ಮತದಾರರ ಪಟ್ಟಿ, ಜಮೀನಿನ ಪತ್ರ, ಶಾಲೆಯ ದಾಖಲೆ ಇವುಗಳ ದೃಢೀಕೃತ ನಕಲು ಬೇಕು. ಹಿರಿಯರ ಹೆಸರು ಹಳೆಯ ಪಟ್ಟಿಯಲ್ಲಿದ್ದರಷ್ಟೇ ಸಾಲದು, ಅವರಿಗೂ ತನಗೂ ಇರುವ ಸಂಬಂಧವನ್ನು ಬೇರೆಯಾಗಿ ತೋರಿಸಬೇಕು.

ಸೋಲುವುದು ಇಲ್ಲಿಯೇ. ಒಂದು ಪಟ್ಟಿಯಲ್ಲಿ ಅಜ್ಜನ ಹೆಸರಿನ ಕಾಗುಣಿತ ಒಂದು, ಇನ್ನೊಂದರಲ್ಲಿ ಮತ್ತೊಂದು. ವಯಸ್ಸಿನಲ್ಲಿ ನಾಲ್ಕೈದು ವರ್ಷದ ವ್ಯತ್ಯಾಸ. ನದಿ ಕೊರೆದು ಊರು ಬಿಟ್ಟವರ ವಿಳಾಸ ಪಟ್ಟಿಯಿಂದ ಪಟ್ಟಿಗೆ ಬೇರೆ. ಮತದಾನದ ವಯಸ್ಸಿಗೆ ಮೊದಲೇ ಮದುವೆಯಾದ ಹೆಣ್ಣುಮಕ್ಕಳ ಕಷ್ಟ ಇನ್ನೂ ಹೆಚ್ಚು: ತವರಿನ ಪಟ್ಟಿಯಲ್ಲಿ ಅವರ ಹೆಸರೇ ಇರುವುದಿಲ್ಲ, ಗಂಡನ ಮನೆಯ ಪಟ್ಟಿಯಲ್ಲಿ ಗಂಡನ ಹೆಸರಿನ ಜೊತೆ ಮಾತ್ರ ಇರುತ್ತದೆ. ತಂದೆಯೊಂದಿಗಿನ ಕೊಂಡಿ ಗ್ರಾಮ ಪಂಚಾಯಿತಿ ಕಾರ್ಯದರ್ಶಿಯ ಪತ್ರವೊಂದೇ, ಅದನ್ನು ಕೊಟ್ಟವರೇ ಬಂದು ಸಾಕ್ಷಿ ಹೇಳಬೇಕು. ಅವರು ಬಾರದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ವಕೀಲರ ಶುಲ್ಕ, ನಕಲಿನ ಖರ್ಚು, ಕಳೆದುಕೊಂಡ ದಿನಗೂಲಿಗೆ ಹೆದರಿ ಗೈರಾದರೆ ಏಕಪಕ್ಷೀಯ ಆದೇಶ, ಅಂದರೆ ಅವರ ಮಾತು ಕೇಳದೆಯೇ ಕೊಡುವ ತೀರ್ಮಾನ. 1985ರಿಂದ 2019ರ ಫೆಬ್ರವರಿವರೆಗೆ ಹೀಗೆ ವಿದೇಶಿ ಎನಿಸಿಕೊಂಡವರು 63,959 ಮಂದಿ ಎಂದು ಸರ್ಕಾರವೇ ಲೋಕಸಭೆಗೆ ತಿಳಿಸಿತ್ತು. ಆದೇಶ ತೆರವಿಗೆ 30 ದಿನದೊಳಗೆ ಅರ್ಜಿ ಹಾಕಬೇಕು. ಮೇಲ್ಮನವಿಗೆ ಅವಕಾಶವಿಲ್ಲ, ಹೈಕೋರ್ಟಿನಲ್ಲಿ ರಿಟ್ ಮಾತ್ರ.

2019ರ ಆಗಸ್ಟ್ 31ರಂದು ಬಂದ ಅಸ್ಸಾಂನ ಪೌರತ್ವ ನೋಂದಣಿಯ (ಎನ್‌ಆರ್‌ಸಿ) ಅಂತಿಮ ಪಟ್ಟಿಯಿಂದ 19,06,657 ಮಂದಿ ಹೊರಗುಳಿದರು. ಇಡೀ ರಾಜ್ಯದ ಜನರ ಮೇಲೆ ಇದೇ ಹೊಣೆ ಹೊರಿಸಿದ ಕೆಲಸ ಅದು.

ಬೆಂಗಳೂರಿಗೂ ಇದು ದೂರದ ಮಾತಲ್ಲ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳಿದ್ದಾರೆಂದು ಶೆಡ್ಡುಗಳನ್ನು ಕೆಡವಿದಾಗ, ಅಸ್ಸಾಂ, ತ್ರಿಪುರಾದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದ ಕೂಲಿಕಾರರೂ ಬೀದಿಗೆ ಬಿದ್ದರು. ರಾಜ್ಯ ಹೈಕೋರ್ಟ್ ಆ ಕ್ರಮವನ್ನು ಒಪ್ಪಲಿಲ್ಲ. ಆಧಾರ್ ತೋರಿಸಿದರೆ ಸಾಕು ಎಂದುಕೊಂಡವರು ತಿಳಿದಿರಬೇಕು: ಆಧಾರ್ ಪೌರತ್ವದ ಪುರಾವೆಯಲ್ಲ ಎಂದು ಆಧಾರ್ ಕಾಯ್ದೆಯ 9ನೇ ಸೆಕ್ಷನ್ನೇ ಹೇಳುತ್ತದೆ.

ಈ ಹೊಣೆಗೆ ಒಂದು ಮಿತಿ ಹಾಕಿದ್ದು 2024ರ ಜುಲೈ 11ರ ಸುಪ್ರೀಂ ಕೋರ್ಟ್ ತೀರ್ಪು. ನಲ್‌ಬಾರಿಯ ಒಬ್ಬರನ್ನು ವಿದೇಶಿ ಎಂದಿದ್ದ ಆದೇಶವನ್ನು ಅದು ವಜಾ ಮಾಡಿತು. ಅಷ್ಟು ಹೊತ್ತಿಗೆ ಅವರು ತೀರಿಕೊಂಡು ಎರಡು ವರ್ಷ ಮೇಲಾಗಿತ್ತು. ಕಂಡವರನ್ನೆಲ್ಲ ಹಿಡಿದು ಪೌರತ್ವ ತೋರಿಸು ಎನ್ನಲಾಗದು, ಮೊದಲು ಶಂಕೆಗೆ ಆಧಾರ ಅಧಿಕಾರಿಯ ಕೈಯಲ್ಲಿರಬೇಕು, ಆ ಆಧಾರವನ್ನು ವ್ಯಕ್ತಿಗೆ ತಿಳಿಸಬೇಕು, ಬರೀ ಆರೋಪವನ್ನೇ ಆಧಾರ ಎನ್ನಲಾಗದು, ಹೆಸರಿನ ಕಾಗುಣಿತದ ಸಣ್ಣಪುಟ್ಟ ವ್ಯತ್ಯಾಸ ದೊಡ್ಡದಲ್ಲ ಎಂದು ತೀರ್ಪು ಹೇಳಿತು. ಐಎಂಡಿಟಿಯ ಅತಿಗೂ 9ನೇ ಸೆಕ್ಷನ್ನಿನ ಅತಿಗೂ ನಡುವಿನ ನ್ಯಾಯವಾದ ದಾರಿ ಇದು.

2025ರ ಮಸೂದೆಯಲ್ಲಿ ಈ ಮಾತನ್ನು ಒಂದು ಸಾಲಿನಲ್ಲಿ ಬರೆಯಬಹುದಿತ್ತು, ಬರೆಯಲಿಲ್ಲ. ಏಪ್ರಿಲ್ 2ರಂದು ರಾಜ್ಯಸಭೆ ಒಪ್ಪಿತು, ಸೆಪ್ಟೆಂಬರ್ 1ರಿಂದ ಕಾಯ್ದೆ ಜಾರಿಯಾಗಿ 1920, 1939, 1946 ಮತ್ತು 2000ದ ನಾಲ್ಕು ಕಾಯ್ದೆಗಳು ರದ್ದಾದವು. ದಾಖಲೆಯಿಲ್ಲದೆ ಒಳಬಂದರೆ 5 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ನಕಲಿ ದಾಖಲೆಗೆ 2ರಿಂದ 7 ವರ್ಷ. ಶಿಕ್ಷೆ ಇಷ್ಟು ಬಲವಾದಾಗ ಶಂಕೆಗೆ ಬೇಕಾದ ಆಧಾರವೂ ಅಷ್ಟೇ ಗಟ್ಟಿಯಾಗಿರಬೇಕಿತ್ತು. ಸದ್ಯಕ್ಕೆ ಆ ರಕ್ಷಣೆ ಇರುವುದು 2024ರ ತೀರ್ಪಿನಲ್ಲಿ ಮಾತ್ರ. ಆದ್ದರಿಂದ ನೋಟಿಸ್ ಬಂದವರು ಉತ್ತರ ಸಲ್ಲಿಸುವ ಮೊದಲೇ ವಿಚಾರಣಾ ವರದಿಯ ಮತ್ತು ಶಂಕೆಯ ಮುಖ್ಯ ಆಧಾರಗಳ ನಕಲನ್ನು ಲಿಖಿತವಾಗಿ ಕೇಳಿ, ಕೇಳಿದ್ದಕ್ಕೆ ಸ್ವೀಕೃತಿ ಪಡೆದಿಟ್ಟುಕೊಳ್ಳಬೇಕು. ಕೊಡದಿದ್ದರೆ ಹೈಕೋರ್ಟಿನ ರಿಟ್ ಅರ್ಜಿಯಲ್ಲಿ ಮೊದಲು ಎತ್ತಬೇಕಾದ ಅಂಶ ಅದೇ.