ಬೇಸಿಗೆ ಬಂತೆಂದು ಟೈರಿನ ಗಾಳಿ ಇಳಿಸುವವರಿಗೆ

ಮಾರ್ಚ್ ತಿಂಗಳ ಅರ್ಧ ಕಳೆಯಿತೆಂದರೆ ವಿಜಯಪುರದ ಟೈರ್ ಅಂಗಡಿಗಳಲ್ಲಿ ಒಂದೇ ಬೇಡಿಕೆ ಮತ್ತೆ ಮತ್ತೆ ಕೇಳಿಬರುತ್ತದೆ: “ಬಿಸಲ ಜೋರ ಐತ್ರಿ, ಹವಾ ನಾಕ್ ಪಾಯಿಂಟ್ ಕಡಿಮಿ ಇಡ್ರಿ.” ಹೊಸದಾಗಿ ಕಾರು ಕೊಂಡವರೂ ಹೀಗೆ ಕೇಳುತ್ತಾರೆ, ಬಾಡಿಗೆ ಗಾಡಿ ಓಡಿಸುತ್ತಲೇ ವಯಸ್ಸಾದ ಚಾಲಕರೂ ಕೇಳುತ್ತಾರೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ, ಹಿಗ್ಗಿದ ಗಾಳಿಯನ್ನು ತಾಳಲಾರದೆ ಟೈರ್ ಸಿಡಿಯುತ್ತದೆ, ಆದ್ದರಿಂದ ಮೊದಲೇ ಸ್ವಲ್ಪ ಜಾಗ ಬಿಟ್ಟಿರಬೇಕು ಎಂಬುದು ಅವರ ತರ್ಕ. ಗಾಳಿ ಹಿಗ್ಗುತ್ತದೆ ಎಂಬಷ್ಟು ಮಾತ್ರ ಇದರಲ್ಲಿ ನಿಜ. ಉಳಿದದ್ದನ್ನು ನಂಬಿ ಗಾಳಿ ಇಳಿಸಿಕೊಂಡು ಹೆದ್ದಾರಿಗೆ ಇಳಿದ ಕಾರು, ಯಾವ ಅಪಾಯಕ್ಕೆ ಹೆದರಿತ್ತೋ ಅದರ ಕಡೆಗೇ ಹೋಗುತ್ತಿರುತ್ತದೆ.

ಟೈರಿನ ಬಿಸಿಯಲ್ಲಿ ಹೆಚ್ಚಿನ ಪಾಲು ಹುಟ್ಟುವುದು ಅದರ ಬಾಗುವಿಕೆಯಿಂದ. ಚಕ್ರ ಉರುಳುವಾಗ ನೆಲಕ್ಕೆ ತಾಗಿದ ಭಾಗ ಪ್ರತಿ ಸುತ್ತಿನಲ್ಲೂ ಒಮ್ಮೆ ತಗ್ಗಿ ಮತ್ತೆ ಮೇಲೇಳುತ್ತದೆ. ನಮ್ಮಲ್ಲಿ ಅನೇಕ ಸಣ್ಣ ಕಾರುಗಳಿಗಿರುವ 165/80 ಆರ್14 ಅಳತೆಯ (ಅಗಲ 165 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ 80 ಪಾಲು, ರಿಮ್ಮು 14 ಇಂಚು) ಟೈರ್ ಒಂದು ಸುತ್ತಿಗೆ ಎರಡು ಮೀಟರಿಗಿಂತ ಸ್ವಲ್ಪ ಕಡಿಮೆ ದೂರ ಸಾಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು ಹನ್ನೊಂದು ಸುತ್ತು ಸುತ್ತುತ್ತದೆ. ಅಂದರೆ ವಿಜಯಪುರದಿಂದ ಸೊಲ್ಲಾಪುರದ ಕಡೆಗೆ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಒಂದು ಗಂಟೆ ಹೋದರೆ ಟೈರಿನ ಪ್ರತಿ ಭಾಗವೂ ನಲವತ್ತು ಸಾವಿರ ಸಲ ಬಾಗಿ ನೆಟ್ಟಗಾಗಿರುತ್ತದೆ. ತಂತಿಯನ್ನು ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಆ ಜಾಗ ಕೈಗೆ ಬಿಸಿ ಹತ್ತುವುದಿಲ್ಲವೇ, ಇದೂ ಹಾಗೆಯೇ. ಗಾಳಿ ಕಡಿಮೆಯಾದಷ್ಟೂ ಪಕ್ಕದ ಗೋಡೆ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿ ಏರುತ್ತದೆ, ಬಿಸಿ ಏರಿದಂತೆ ರಬ್ಬರಿಗೂ ಅದರೊಳಗಿನ ದಾರದ ಪದರಕ್ಕೂ ಇರುವ ಬೆಸುಗೆ ಸಡಿಲವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ದಾಟಿ, ಡಾಂಬರಿನ ಮೇಲ್ಮೈ 60 ಡಿಗ್ರಿಯ ಆಸುಪಾಸಿಗೆ ಬಂದಾಗ ಈ ಬಿಸಿ ಹೊರಗೆ ಹೋಗಲು ದಾರಿ ಇರುವುದಿಲ್ಲ. ಬಿಸಿಲು ಮಾಡುವ ಕೆಡುಕು ಇಷ್ಟು.

ಇನ್ನು ಗಾಳಿಯ ಲೆಕ್ಕ. ಅಂಗಡಿಯಲ್ಲಿ ನಾವು ಪಾಯಿಂಟ್ ಎನ್ನುವುದು ಪಿಎಸ್‌ಐ ಎಂಬ ಒತ್ತಡದ ಅಳತೆಯನ್ನು. ಒಳಗಿನ ಉಷ್ಣತೆ 6 ಡಿಗ್ರಿ ಏರಿದರೆ ಒತ್ತಡ ಹೆಚ್ಚುಕಡಿಮೆ ಒಂದು ಪಾಯಿಂಟ್ ಏರುತ್ತದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ 33 ಇದ್ದ ಟೈರ್ ಮಧ್ಯಾಹ್ನದ ಓಟದಲ್ಲಿ 60 ಡಿಗ್ರಿಗೆ ಬಿಸಿಯಾದರೆ 38 ಅಥವಾ 39 ತೋರಿಸುತ್ತದೆ. ಕಾರು ತಯಾರಿಸಿದವರು ಈ ಏರಿಕೆಯನ್ನು ಹಿಡಿದುಕೊಂಡೇ 33 ಎಂದು ಬರೆದಿರುತ್ತಾರೆ; ಕೆಡದ ಟೈರನ್ನು ಗಾಳಿಯ ಒತ್ತಡವೊಂದರಿಂದಲೇ ಸಿಡಿಸಬೇಕಾದರೆ ಇದರ ಹಲವು ಪಟ್ಟು ಬೇಕು. ಆದರೆ ಆ 38ನ್ನು ಕಂಡು ಗಾಬರಿಯಾದ ಚಾಲಕ ದಾರಿಯಲ್ಲೇ ನಿಲ್ಲಿಸಿ 30ಕ್ಕೆ ಇಳಿಸಿಕೊಂಡರೆ, ಮರುದಿನ ಬೆಳಿಗ್ಗೆ ತಣ್ಣಗಾದ ಅದೇ ಟೈರಿನಲ್ಲಿ ಉಳಿಯುವುದು 25ರಷ್ಟು. ಅದೇ ಗಾಡಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಅವರು ಮತ್ತೆ ಹೆದ್ದಾರಿ ಹಿಡಿಯುತ್ತಾರೆ.

ಆದ್ದರಿಂದ ಗಾಳಿ ನೋಡುವುದು ಟೈರ್ ತಣ್ಣಗಿರುವಾಗಲೇ ಆಗಬೇಕು. ಬೆಳಿಗ್ಗೆ ಮನೆಯಿಂದ ಹೊರಟು ಒಂದೆರಡು ಕಿಲೋಮೀಟರಿನೊಳಗೆ ಸಿಗುವ ಪೆಟ್ರೋಲ್ ಬಂಕಿನಲ್ಲಿ ನೋಡಿದರೆ ಸಾಕು. ಬಹಳ ದೂರ ಓಡಿದ ಮೇಲೆಯೇ ತುಂಬಿಸಬೇಕಾಗಿ ಬಂದರೆ ಕಾರಿನವರು ಹೇಳಿದ್ದಕ್ಕಿಂತ ಮೂರು ನಾಲ್ಕು ಪಾಯಿಂಟ್ ಹೆಚ್ಚು ತುಂಬಿಸಿ, ಮರುದಿನ ತಣ್ಣಗಿದ್ದಾಗ ಸರಿಮಾಡಿಕೊಳ್ಳಬೇಕು. ಬಿಸಿ ಟೈರಿನಿಂದ ಗಾಳಿ ಬಿಡುವ ಪ್ರಶ್ನೆಯೇ ಇಲ್ಲ. ಸರಿಯಾದ ಅಂಕಿ ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿದೆ. ಕಾರಿನ ಕೈಪಿಡಿಯಲ್ಲೂ ಇದೆ. ಟೈರಿನ ಪಕ್ಕದಲ್ಲಿ 44 ಅಥವಾ 51 ಎಂದು ಉಬ್ಬಕ್ಷರದಲ್ಲಿ ಬರೆದಿರುವುದು ಅದಕ್ಕೆ ತುಂಬಬಹುದಾದ ಗರಿಷ್ಠ ಮಿತಿಯೇ ಹೊರತು ನಿಮ್ಮ ಕಾರಿಗೆ ಬೇಕಾದ ಒತ್ತಡವಲ್ಲ. ಮೈಲೇಜ್ ಹೆಚ್ಚುತ್ತದೆಂದು 40ರವರೆಗೆ ತುಂಬಿಸುವ ಇನ್ನೊಂದು ಪಂಗಡವೂ ಇದೆ; ಅವರ ಟೈರ್ ನಡುವೆ ಮಾತ್ರ ಸವೆದು ಬೇಗ ಅಂಗಡಿಗೆ ಬರುತ್ತದೆ.

ಚಳಿಗಾಲವನ್ನೂ ಇಲ್ಲಿ ನೆನೆಯಬೇಕು. ಯಾವ ತೂತೂ ಇಲ್ಲದ ಟೈರಿನಿಂದಲೂ ತಿಂಗಳಿಗೆ ಒಂದೆರಡು ಪಾಯಿಂಟ್ ಗಾಳಿ ತಾನಾಗಿಯೇ ಸೋರುತ್ತದೆ. ದೀಪಾವಳಿಗೆ ತುಂಬಿಸಿದ ಗಾಡಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ, ರಾತ್ರಿಯ ಚಳಿಯೂ ಸೇರಿ, ಐದಾರು ಪಾಯಿಂಟ್ ಕಡಿಮೆಯಾಗಿರುತ್ತದೆ. ತಿಂಗಳಿಗೆ ಎರಡು ಸಲ ನೋಡುವ ರೂಢಿ ಇದ್ದರೆ ಇದು ಗೊತ್ತಾಗುತ್ತದೆ. ಕಣ್ಣಳತೆಗೆ ಗೊತ್ತಾಗುವುದಿಲ್ಲ, ರೇಡಿಯಲ್ ಟೈರಿನ ಪಕ್ಕ ಸರಿಯಾದ ಗಾಳಿಯಲ್ಲೂ ಸ್ವಲ್ಪ ಉಬ್ಬಿಕೊಂಡೇ ಕಾಣುತ್ತದೆ.

ಹೊರೆಯ ವಿಷಯವನ್ನು ನಮ್ಮ ಭಾಗದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. 165/80 ಆರ್14 ಎಂಬುದರ ಮುಂದೆ 85ಟಿ ಎಂದಿದ್ದರೆ, ಆ 85ರ ಅರ್ಥ ಒಂದು ಟೈರ್ 515 ಕಿಲೋ ಹೊರಬಲ್ಲದು ಎಂದು. ಟಿ ಎಂದರೆ ಗಂಟೆಗೆ 190 ಕಿಲೋಮೀಟರಿನವರೆಗೆ ತಾಳಬಲ್ಲದು ಎಂದು. ನಾಲ್ಕು ಟೈರು ಸೇರಿದರೆ ಎರಡು ಸಾವಿರ ಕಿಲೋಗೂ ಮೇಲಾಯಿತಲ್ಲ, ಇನ್ನೇನು ಭಯ ಎಂದು ಲೆಕ್ಕ ಹಾಕಿದವರೊಬ್ಬರು ಹಿಂದಿನ ಸೀಟಿನಲ್ಲಿ ಐವರನ್ನೂ ಡಿಕ್ಕಿಯಲ್ಲಿ ಎರಡು ಚೀಲ ಜೋಳವನ್ನೂ ಹೇರಿಕೊಂಡು ಹೋಗುತ್ತಿದ್ದರು. ಆದರೆ ಆ 515 ಕಿಲೋ ಪೂರ್ಣ ಒತ್ತಡ ತುಂಬಿದ ಟೈರಿಗೆ ಸಲ್ಲುವ ಮಾತು. ಗಾಳಿ ಇಳಿದಂತೆ ಹೊರುವ ಶಕ್ತಿಯೂ ಇಳಿಯುತ್ತದೆ, ಮತ್ತು ಹೇರಿದ ಭಾರ ಸಮನಾಗಿ ನಾಲ್ಕಕ್ಕೂ ಹಂಚಿಹೋಗದೆ ಹಿಂದಿನ ಎರಡರ ಮೇಲೆಯೇ ಹೆಚ್ಚು ಬೀಳುತ್ತದೆ. ಸವದತ್ತಿಗೋ ತುಳಜಾಪುರಕ್ಕೋ ಪಂಢರಪುರಕ್ಕೋ ಹೊರಡುವ ಮುನ್ನ ಬಾಗಿಲಿನ ಚೀಟಿಯನ್ನು ಇನ್ನೊಮ್ಮೆ ಓದಿ: ಹಲವು ಕಾರುಗಳಲ್ಲಿ ಪೂರ್ಣ ಹೊರೆಗೆ ಹಿಂದಿನ ಚಕ್ರಗಳಿಗೆ ಬೇರೆ, ಹೆಚ್ಚಿನ ಅಂಕಿ ಕೊಟ್ಟಿರುತ್ತಾರೆ. ಬೇಸಿಗೆಯ ರಜೆಯ ಪ್ರಯಾಣಕ್ಕೆ ಬೇಕಾದ ಅಂಕಿ ಅದು. ಅಂದರೆ ಇಳಿಸುವ ಕಾಲದಲ್ಲಿ ಏರಿಸಬೇಕಾಗುತ್ತದೆ.

ಕಡಿಮೆ ಗಾಳಿಯಲ್ಲಿ ಓಡಿದ ಟೈರ್ ಆ ದಿನವೇ ಸಿಡಿಯಬೇಕೆಂದಿಲ್ಲ ಎಂಬುದು ಹೆಚ್ಚಿನವರಿಗೆ ತಿಳಿಯದು. ಇಂಥ ಟೈರನ್ನು ರಿಮ್ಮಿನಿಂದ ಬಿಚ್ಚಿದಾಗ ಒಳಗೆ ಕರಿ ರಬ್ಬರಿನ ಪುಡಿ ಉದುರುತ್ತದೆ, ಒಳಗೋಡೆಯ ಸುತ್ತ ಬಳೆಯಂತೆ ಸವೆದ ಗುರುತು ಇರುತ್ತದೆ. ಹೊರಗಿನಿಂದ ಎಲ್ಲವೂ ಸರಿಯಾಗಿ ಕಾಣುತ್ತದೆ. ಪಂಕ್ಚರ್ ಅಂಗಡಿಯವನು ಹೊರಗಿನಿಂದಲೇ ಬತ್ತಿ ತೂರಿಸಿ ಗಾಳಿ ತುಂಬಿ ಕಳಿಸಿರುತ್ತಾನೆ. ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಪೂರ್ಣ ಗಾಳಿ ಇದ್ದಾಗಲೇ ಅದು ಪಕ್ಕದಿಂದ ಹರಿದಾಗ, ಬಿಸಿಲಿಗೆ ಸಿಡಿಯಿತು ಎಂಬ ಹೆಸರು ಬರುತ್ತದೆ. ಜಾಲಿ ಮುಳ್ಳು ಚುಚ್ಚಿ ಟೈರ್ ಪೂರ್ತಿ ಕುಸಿದ ಮೇಲೂ ಅಂಗಡಿ ಸಿಗುವವರೆಗೆ ಓಡಿಸಿಕೊಂಡು ಬಂದಿದ್ದರೆ, ಬಿಚ್ಚಿ ಒಳಗೆ ನೋಡಿಸದೆ ಬಿಡಬೇಡಿ. ಪುಡಿ ಕಂಡರೆ ಆ ಟೈರ್ ಮುಗಿಯಿತು. ಮುಳ್ಳೋ ಮೊಳೆಯೋ ಹೊಕ್ಕಿದ್ದು ಪಕ್ಕದ ಗೋಡೆಯಲ್ಲಾದರೆ, ಅಥವಾ ಗುಂಡಿಗೆ ಬಿದ್ದ ಹೊಡೆತಕ್ಕೆ ಅಲ್ಲಿ ಗಂಟು ಎದ್ದಿದ್ದರೆ, ಅದಕ್ಕೂ ರಿಪೇರಿ ಇಲ್ಲ; ಗಂಟು ಎಂದರೆ ಒಳಗಿನ ದಾರ ತುಂಡಾಗಿದೆ ಎಂದೇ ಅರ್ಥ.

ವಯಸ್ಸಿನ ಮಾತು ಇದಕ್ಕೆ ಹೊಂದಿಕೊಂಡದ್ದು. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಇದ್ದು, ಊರ ಮನೆಯ ಅಂಗಳದಲ್ಲಿ ಬಿಸಿಲಿಗೆ ನಿಂತೇ ಇರುವ ಕಾರುಗಳು ಇಂಡಿ, ಸಿಂದಗಿ, ಬಬಲೇಶ್ವರದ ಕಡೆ ಬೇಕಾದಷ್ಟಿವೆ. ಅವುಗಳ ಟೈರಿನ ಗ್ರಿಪ್ ಹೊಸದರಂತೆ ಇರುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ: 1824 ಎಂದರೆ 2024ನೆಯ ಇಸವಿಯ ಹದಿನೆಂಟನೆಯ ವಾರ. ಐದು ವರ್ಷ ದಾಟಿದ ಟೈರನ್ನು ಪ್ರತಿ ಬೇಸಿಗೆಗೆ ಮೊದಲು ತಿಳಿದವರಿಂದ ನೋಡಿಸಿ. ಈ ಬಿಸಿಲಿನ ಸೀಮೆಯಲ್ಲಿ ಆರು ವರ್ಷದ ನಂತರ ಅದರ ಮೇಲೆ ಹೆದ್ದಾರಿಯ ವೇಗ ಬೇಡ ಎಂಬುದು ನನ್ನ ಅಭಿಪ್ರಾಯ. ಸವೆತದ ಮಿತಿ ನಿಯಮದಲ್ಲೇ ಇದೆ: ಗ್ರಿಪ್ಪಿನ ಆಳ 1.6 ಮಿಲಿಮೀಟರಿಗೆ ಬಂದರೆ, ಗೀರುಗಳ ತಳದಲ್ಲಿರುವ ಅಡ್ಡಪಟ್ಟಿಗಳು ಮೇಲ್ಮೈಗೆ ಸಮನಾದರೆ, ಬದಲಾಯಿಸಲೇಬೇಕು. ಮಳೆಗಾಲಕ್ಕಾದರೆ 3 ಮಿಲಿಮೀಟರಿಗೇ ಬದಲಾಯಿಸುವುದು ಲೇಸು.

ಕೊಳ್ಳುವಾಗ ಅಳತೆಯನ್ನೂ ಹೊರೆಯ ಅಂಕಿಯನ್ನೂ ಕಾರಿನವರು ಕೊಟ್ಟದ್ದಕ್ಕಿಂತ ಕೆಳಗೆ ಇಳಿಸಬಾರದು. ಐಎಸ್‌ಐ ಗುರುತು, ತಯಾರಿಕೆಯ ವಾರ ಎರಡನ್ನೂ ನಾಲ್ಕು ಟೈರಿನ ಮೇಲೂ ಓದಿ ನೋಡಬೇಕು. ಹಳೆಯ ಟೈರಿಗೆ ಗೀರು ಕೊರೆದು ಕಪ್ಪು ಬಳಿದು ಮಾರುವವರಿದ್ದಾರೆ. ಅಗ್ಗವೆಂದು ಅತ್ತ ಹೋಗಬಾರದು. ರಬ್ಬರ್ ವಾಲ್ವ್ ಟೈರಿನ ಜೊತೆಗೇ ಹೊಸದಾಗಬೇಕು, ಅದರ ಬೆಲೆ ಏನೇನೂ ಅಲ್ಲ. ಎರಡೇ ಕೊಳ್ಳುವುದಾದರೆ ಹೊಸ ಎರಡು ಹಿಂದಿನ ಚಕ್ರಕ್ಕೆ ಹೋಗಬೇಕು ಎಂದರೆ ಗ್ರಾಹಕರು ನಂಬುವುದಿಲ್ಲ. ಎಂಜಿನ್ ಎಳೆಯುವುದು ಮುಂದಿನ ಚಕ್ರವನ್ನು, ಸವೆಯುವುದೂ ಅದೇ, ಹಾಗಾದರೆ ಹೊಸದು ಮುಂದೆ ಇರಬೇಕಲ್ಲವೇ ಎನ್ನುತ್ತಾರೆ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಚಾಲಕನಿಗೆ ಸ್ಟಿಯರಿಂಗಿನಲ್ಲಿ ಗೊತ್ತಾಗುತ್ತದೆ, ಕಾಲು ತೆಗೆದರೆ ಗಾಡಿ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ತಿರುಗಿ ನಿಲ್ಲುತ್ತದೆ, ಅದನ್ನು ಸರಿಪಡಿಸುವ ಕೈಚಳಕ ನಮ್ಮಲ್ಲಿ ಬಹಳ ಜನಕ್ಕಿಲ್ಲ.

ಕಾರನ್ನೇ ಹೊಸದಾಗಿ ಆರಿಸುತ್ತಿರುವವರಿಗೂ ಒಂದು ಮಾತು. ಒಂದೇ ಮಾದರಿಯ ಕಾರು ಕೆಳಗಿನ ದರ್ಜೆಯಲ್ಲಿ ಎತ್ತರದ ಗೋಡೆಯ ಸಣ್ಣ ರಿಮ್ಮಿನ ಟೈರಿನೊಂದಿಗೂ ಮೇಲಿನ ದರ್ಜೆಯಲ್ಲಿ ದೊಡ್ಡ ಅಲಾಯ್ ರಿಮ್ಮಿನೊಂದಿಗೂ ಬರುತ್ತದೆ. 165/80ರ ಪಕ್ಕದ ಗೋಡೆ 132 ಮಿಲಿಮೀಟರ್ ಎತ್ತರ, 195/55ರದು 107. ನೋಡಲು ಎರಡನೆಯದೇ ಚೆಂದ. ಆದರೆ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅದರ ಮೇಲಿನ ರಸ್ತೆ ಅಲೆಅಲೆಯಾಗಿರುತ್ತದೆ, ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಮುಧೋಳ, ಜಮಖಂಡಿಯ ದಾರಿಗಳ ಅಂಚನ್ನು ಕಿತ್ತಿರುತ್ತವೆ. ಅಲ್ಲಿ ಆ 25 ಮಿಲಿಮೀಟರ್ ರಬ್ಬರು ರಿಮ್ಮನ್ನು ಉಳಿಸುತ್ತದೆ.

ಇದೇ ಎರೆಮಣ್ಣು ಇನ್ನೊಂದು ದೂರನ್ನೂ ತರುತ್ತದೆ. ಮಳೆಯಲ್ಲಿ ಹೊಲದ ದಾರಿಗೆ ಹೋಗಿಬಂದ ಕಾರು ಮರುದಿನ ಹೆದ್ದಾರಿಯಲ್ಲಿ ಎಂಬತ್ತು ದಾಟಿದೊಡನೆ ಸ್ಟಿಯರಿಂಗ್ ನಡುಗಿಸುತ್ತದೆ. ಮಾಲೀಕರು ಅಲೈನ್‌ಮೆಂಟ್ ಹೋಯಿತೆಂದು ಓಡಿಬರುತ್ತಾರೆ. ಬಹಳ ಸಲ ರಿಮ್ಮಿನ ಒಳಮೈಗೆ ಒಣಗಿ ಅಂಟಿದ ಮಣ್ಣಿನ ಹೆಂಟೆಯೇ ಕಾರಣ, ತೊಳೆದರೆ ನಡುಕ ನಿಲ್ಲುತ್ತದೆ. ತೊಳೆಯದೆ ಬ್ಯಾಲೆನ್ಸಿಂಗ್ ಮಾಡಿದರೆ ಮಣ್ಣಿಗೆ ತಕ್ಕಂತೆ ಸೀಸ ಕೂರಿಸಿದಂತಾಗಿ, ಮಣ್ಣು ಉದುರಿದ ದಿನ ನಡುಕ ಮತ್ತೆ ಶುರುವಾಗುತ್ತದೆ. ಗಾಡಿ ನೇರ ರಸ್ತೆಯಲ್ಲಿ ಒಂದು ಬದಿಗೆ ಎಳೆದರೆ ಅಥವಾ ಟೈರಿನ ಒಂದೇ ಅಂಚು ಸವೆಯುತ್ತಿದ್ದರೆ ಮಾತ್ರ ಅಲೈನ್‌ಮೆಂಟಿನ ಕೆಲಸ. ಎರಡೂ ಅಂಚು ಸವೆದಿದ್ದರೆ ಯಂತ್ರಕ್ಕೆ ಹತ್ತಿಸುವ ಮೊದಲು ಗಾಳಿ ನೋಡಿ, ಕಾರಣ ಅಲ್ಲಿಯೇ ಸಿಗುತ್ತದೆ.

ನೈಟ್ರೋಜನ್ ತುಂಬಿಸಿದರೆ ಬೇಸಿಗೆಗೆ ಚಿಂತೆ ಇಲ್ಲವಂತೆ, ಹೌದೇ ಎಂದು ಕೇಳುವವರಿಗೆ: ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ಸ್ವಲ್ಪ ನಿಧಾನವಾಗಿ ಸೋರುತ್ತದೆ, ಅದರಲ್ಲಿ ತೇವ ಇರುವುದಿಲ್ಲ. ಆದರೆ ಬಿಸಿಗೆ ಅದೂ ಹಿಗ್ಗುತ್ತದೆ. ದುಡ್ಡು ಕೊಟ್ಟು ತುಂಬಿಸಿ ಮೂರು ತಿಂಗಳು ಮರೆತುಬಿಡುವುದಕ್ಕಿಂತ ಬಿಟ್ಟಿ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ನೋಡಿಸುವುದು ಮೇಲು.

ಕೊನೆಗೆ ಸ್ಟೆಪ್ನಿ. 2020ರ ನಿಯಮ ತಿದ್ದುಪಡಿಯ ನಂತರ ಪಂಕ್ಚರ್ ಕಿಟ್ ಮತ್ತು ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಇರುವ ಟ್ಯೂಬ್‌ಲೆಸ್ ಗಾಡಿಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ, ಆದರೂ ಕೊಲ್ಹಾರದ ಸೇತುವೆ ದಾಟಿ ಬಾಗಲಕೋಟೆಯ ಕಡೆ ರಾತ್ರಿ ಹೋಗುವವರು ಅದು ಇರುವ ಕಾರನ್ನೇ ಕೊಳ್ಳುವುದು ಒಳ್ಳೆಯದು. ಅದು ಉಳಿದ ನಾಲ್ಕಕ್ಕಿಂತ ಕಿರಿದಾಗಿದ್ದರೆ ಅದರ ಮೇಲೆಯೇ ಬರೆದಿರುವ ವೇಗದ ಮಿತಿಯನ್ನೂ, ಸಾಮಾನ್ಯವಾಗಿ 80, ಬೇರೆಯಿರಬಹುದಾದ ಗಾಳಿಯ ಅಂಕಿಯನ್ನೂ ಪಾಲಿಸಬೇಕು. ಸಮನಾದ ಅಳತೆಯದಾಗಿದ್ದರೆ ಪೂರ್ಣ ಹೊರೆಯ ಅಂಕಿಗಿಂತ ಎರಡು ಮೂರು ಪಾಯಿಂಟ್ ಹೆಚ್ಚೇ ತುಂಬಿಸಿಡಿ: ಡಿಕ್ಕಿಯ ತಳದಲ್ಲಿ ತಿಂಗಳುಗಟ್ಟಲೆ ಮಲಗಿ ಸೋರುವ ಗಾಳಿಗೆ ಅದು ಸರಿಹೋಗುತ್ತದೆ, ಉಳಿದದ್ದನ್ನು ಚಕ್ರ ಏರಿಸಿದ ಮೇಲೆ ತಣ್ಣಗಿರುವಾಗಲೇ ಇಳಿಸಿಕೊಳ್ಳಬಹುದು.