ಹತ್ತಾರು ಭಾಷೆ ಬಂದ್ರೇನೇ ಭಾಷಾವಿಜ್ಞಾನಿ ಆಗೋದಾ?

ಪ್ರಶ್ನೆ: ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡುವ ಆಸೆ. ಆದರೆ ನನಗೆ ಬರುವುದು ಕನ್ನಡ, ಇಂಗ್ಲಿಷ್ ಎರಡೇ. ಸಾಕಾಗುತ್ತಾ?

ಉತ್ತರ: ಶುರು ಮಾಡಲು ಧಾರಾಳ ಸಾಕು. ಈ ಓದಿನವರು ಮದುವೆ ಮನೆಗೆ ಹೋದರೂ ಎದುರಾಗುವ ಮೊದಲ ಪ್ರಶ್ನೆ 'ನಿಮಗೆ ಎಷ್ಟು ಭಾಷೆ ಬರುತ್ತೆ?' ಅನ್ನುವುದೇ. ಆದರೆ ಭಾಷೆ ಮಾತಾಡೋದು ಬೇರೆ, ಅದನ್ನು ಬಿಚ್ಚಿ ನೋಡೋದು ಬೇರೆ.

ತಮಿಳಿನಲ್ಲಿ ಪಾಲ್, ಪಲ್, ಪುಲಿ. ನಮ್ಮಲ್ಲಿ ಹಾಲು, ಹಲ್ಲು, ಹುಲಿ. ಹಳಗನ್ನಡದಲ್ಲಿ ನಮ್ಮದೂ ಪಕಾರವೇ, ಆಮೇಲೆ ಅದು ಹ ಆಯಿತು. ತಮಿಳಿನಲ್ಲಿ ಒಂದು ಕಾಫಿ ಕೇಳಲು ಬರದವರಿಗೂ ಇದು ಕಾಣುತ್ತೆ, ಅಲ್ವಾ? ಹಾಗಾದರೆ ಪುಸ್ತಕ ಯಾಕೆ 'ಹುಸ್ತಕ' ಆಗಲಿಲ್ಲ? ತಮಾಷೆ ಅಂದ್ರೆ, ಅದರ ನೆಂಟ ಪೊತ್ತಗೆ ಮಾತ್ರ ಹೊತ್ತಗೆ ಆಗಿದೆ. ಪೊತ್ತಗೆ ಜನರ ಬಾಯಲ್ಲಿ ಪಳಗಿ ನಮ್ಮದೇ ಆಗಿತ್ತು, ಉಳಿದವುಗಳ ಜತೆ ಅದೂ ಬದಲಾಯಿತು. ಪುಸ್ತಕವನ್ನು ಓದುಬರಹದವರು ಸಂಸ್ಕೃತದ ರೂಪದಲ್ಲೇ ಉಳಿಸಿಕೊಂಡರು. ಇಂಥ 'ಯಾಕೆ'ಗಳು ನಿಮ್ಮ ತಲೆ ತಿನ್ನುತ್ತವೆಯಾ? ಹಾಗಿದ್ದರೆ ಈ ಓದು ನಿಮಗೆ ಒಗ್ಗುತ್ತೆ.

ಕೆನಡಾದ ಭಾಷಾವಿಜ್ಞಾನಿ ಎಂ.ಬಿ. ಎಮೆನೋ ಅವರನ್ನು ನೋಡಿ. 1931ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಯೇಲ್‌ನಲ್ಲಿ ಸಂಸ್ಕೃತದ ಪಿಎಚ್.ಡಿ. ಮುಗಿಸಿದರು. ಅಮೆರಿಕ ದುಡ್ಡಿಲ್ಲದೆ ನರಳುತ್ತಿದ್ದ ಕಾಲ, ಸಂಸ್ಕೃತ ಕಲಿಸುವ ಕೆಲಸ ಎಲ್ಲಿಂದ ಬರಬೇಕು? ಆಗ ಯೇಲ್‌ನಲ್ಲೇ ಭಾಷಾವಿಜ್ಞಾನಿ ಎಡ್ವರ್ಡ್ ಸಪೀರ್ ಅವರಿಂದ ಗೊತ್ತಿಲ್ಲದ ಭಾಷೆಯನ್ನು ಕೇಳಿಸಿಕೊಂಡು ಬರೆದುಕೊಳ್ಳುವುದನ್ನು ಕಲಿತರು. 1935ರಿಂದ 38ರವರೆಗೆ ನೀಲಗಿರಿ, ಕೊಡಗುಗಳಲ್ಲಿ ಕೂತು ತೋಡ, ಕೋಟ, ಕೊಡವ ಮಾತುಗಳನ್ನು ಬರೆದುಕೊಂಡರು. 1940ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. 1961ರಲ್ಲಿ ಥಾಮಸ್ ಬರೋ ಜತೆ ದ್ರಾವಿಡ ಭಾಷೆಗಳ ನಿಘಂಟು ತಂದರು. ಹಾಲು, ಹಲ್ಲುಗಳ ನೆಂಟರೆಲ್ಲ ಅದರಲ್ಲಿ ಒಟ್ಟಿಗೆ ಸಿಗುತ್ತಾರೆ. ತೋಡ ವ್ಯಾಕರಣ ಅಚ್ಚಾಗಿದ್ದು 1984ರಲ್ಲಿ. ಅಷ್ಟು ಹೊತ್ತಿಗೆ ಅವರು ನಿವೃತ್ತರಾಗಿ 13 ವರ್ಷ ಆಗಿತ್ತು, ವಯಸ್ಸು 80. ಮೂರು ವರ್ಷದ ಟಿಪ್ಪಣಿ ಒಂದು ಇಡೀ ಜೀವನಕ್ಕೆ ಸಾಕಾಯಿತು!

ಈಗಿನ ಕೆಲಸಗಳ ಮಾತು. ಕಾಲೇಜಿನಲ್ಲಿ ಪಾಠ ಮಾಡಬೇಕಾದರೆ ನೆಟ್ ಪರೀಕ್ಷೆ ಬರೆಯಿರಿ, ಅದರಲ್ಲಿ ಭಾಷಾವಿಜ್ಞಾನ ಬೇರೆಯೇ ವಿಷಯ. ಹುದ್ದೆಗಳು ಜಾಸ್ತಿ ಇಲ್ಲ, ಸುಮ್ನೆ ಆಸೆ ಹುಟ್ಟಿಸಲ್ಲ. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ, ಎಲ್ಲರೂ ಸಿಐಐಎಲ್ ಅನ್ನುವುದು ಅದನ್ನೇ. ಫೋನಿಗೆ ಕನ್ನಡ ಅರ್ಥ ಮಾಡಿಸುವ ಕಂಪನಿಗಳಿಗೂ ಇಂಥವರು ಬೇಕು.

ಅಂದಹಾಗೆ, ಎಂ.ಎ. ಮುಗಿಯುವುದರೊಳಗೆ ಮೂರನೇ ಭಾಷೆ ಒಂದನ್ನು ಕಲಿತುಬಿಡಿ. ದೂರ ಹೋಗಬೇಕಿಲ್ಲ, ತುಳುವಿನವರು ಯಾರಾದರೂ ಪಕ್ಕದಲ್ಲೇ ಸಿಗುತ್ತಾರೆ. ಅವರ ಹುಲಿ ಇನ್ನೂ ಪಿಲಿಯೇ.