ಗುಲ್ಬರ್ಗಾ ಎಂದಿದ್ದರೆ ಗುಲ್ಬರ್ಗಾ ಎಂದೇ ಬರೆಯಿರಿ: ಆಕರ ಉಲ್ಲೇಖದ ಟಿಪ್ಪಣಿ

ಎಂ.ಎ. ಕಿರುಪ್ರಬಂಧವಿರಲಿ, ಪಿಎಚ್‌.ಡಿ. ಮಹಾಪ್ರಬಂಧವಿರಲಿ, ಎಷ್ಟೋ ಮೌಲ್ಯಮಾಪಕರು ಮೊದಲು ತಿರುವುವುದು ಕೊನೆಯ ಪುಟಗಳನ್ನೇ. ಗ್ರಂಥಋಣದಿಂದ ಎರಡು ಮೂರು ಆಕರ ಆರಿಸಿಕೊಂಡು, ಅವು ಒಳಗೆ ಎಲ್ಲಿ ಬಂದಿವೆ ಎಂದು ಹುಡುಕುತ್ತಾರೆ. ಸಿಗಲಿಲ್ಲವೆಂದರೆ ಉಳಿದ ಇನ್ನೂರು ಪುಟದ ಮೇಲೂ ಅನುಮಾನ ಶುರು.

ಉಲ್ಲೇಖದ ಕೆಲಸ ಒಂದೇ: ನೀವು ನೋಡಿದ ಅದೇ ಪುಟವನ್ನು, ನಿಮ್ಮನ್ನು ಕೇಳದೆಯೇ, ಇನ್ನೊಬ್ಬರು ತೆರೆಯುವಂತಾಗಬೇಕು. ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಮೇಲೆ ಬರೆಯುವವರಿಗೆ ಇದು ತುಸು ಹೆಚ್ಚಿನ ತಲೆನೋವು. ನೂರು ವರ್ಷದೊಳಗೆ ಇಲ್ಲಿ ಊರಿನ ಹೆಸರು, ಜಿಲ್ಲೆಯ ಗಡಿ, ರಾಜ್ಯ, ಇಸವಿಯ ಲೆಕ್ಕ ಎಲ್ಲವೂ ಬದಲಾಗಿವೆ. ಯಾವ ಶೈಲಿಯ ಕೈಪಿಡಿಯೂ ಇದನ್ನು ಹೇಳಿಕೊಡುವುದಿಲ್ಲ. ಆದ್ದರಿಂದ ಈ ಟಿಪ್ಪಣಿಯ ಹೆಚ್ಚಿನ ಜಾಗ ಅದಕ್ಕೇ.

ಶೈಲಿ

ಸಮಾಜವಿಜ್ಞಾನ, ಶಿಕ್ಷಣ, ಮನೋವಿಜ್ಞಾನದವರಿಗೆ ಸಾಮಾನ್ಯವಾಗಿ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ ಉಲ್ಲೇಖ ಶೈಲಿ, ಈಗಿನದು 7ನೇ ಆವೃತ್ತಿ). ಭಾಷೆ, ಸಾಹಿತ್ಯದವರಿಗೆ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್ನಿನದು, 9ನೇ ಆವೃತ್ತಿ, 2021). ಇತಿಹಾಸದವರಿಗೆ ಶಿಕಾಗೊ ಪದ್ಧತಿಯ ಅಡಿಟಿಪ್ಪಣಿ. ಎಪಿಎಯಲ್ಲಿ ಲೇಖಕರ ಹೆಸರಿನ ಜೊತೆ ಇಸವಿ ಬರುತ್ತದೆ, ಎಂಎಲ್‌ಎಯಲ್ಲಿ ಹೆಸರಿನ ಜೊತೆ ಪುಟಸಂಖ್ಯೆ. ಯಾವುದು ಬೇಕೆಂದು ಗೈಡ್ ಅವರನ್ನು ಮೊದಲ ಅಧ್ಯಾಯಕ್ಕೂ ಮುಂಚೆ ಕೇಳಿ. ಒಂದನ್ನು ಹಿಡಿದ ಮೇಲೆ ಬಿಡಬೇಡಿ. ಅರ್ಧ ಎಪಿಎ, ಅರ್ಧ ಅಡಿಟಿಪ್ಪಣಿ ಇದ್ದರೆ ಬೇರೆ ಬೇರೆ ಕಡೆಯಿಂದ ಎತ್ತಿ ಅಂಟಿಸಿದ್ದು ಎಂದೇ ಓದುವವರಿಗೆ ಅನಿಸುತ್ತದೆ.

ವಾಕ್ಯದೊಳಗೆ ಯಾರ ಮಾತು ಯಾರದು

"ಕಲ್ಯಾಣ ಕರ್ನಾಟಕ ಹಿಂದುಳಿದಿದೆ ಎಂದು ತಜ್ಞರು ಹೇಳುತ್ತಾರೆ." ಇಂಥ ವಾಕ್ಯ ನಮ್ಮ ಭಾಗದ ಪ್ರಬಂಧಗಳಲ್ಲಿ ಹೇರಳ. ಯಾವ ತಜ್ಞರು, ಯಾವಾಗ, ಯಾವ ಅಳತೆಯಲ್ಲಿ? ಅದನ್ನೇ ಹೀಗೆ ಬರೆದು ನೋಡಿ: "ಡಿ.ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವು, 40ನ್ನು ಅತಿ ಹಿಂದುಳಿದವು, 35ನ್ನು ಹಿಂದುಳಿದವು ಎಂದು ವಿಂಗಡಿಸಿತು (ಕರ್ನಾಟಕ ಸರ್ಕಾರ, 2002, ಪು. __)." ಪುಟದ ಜಾಗ ಖಾಲಿ ಬಿಟ್ಟಿರುವುದು ಬೇಕೆಂದೇ. ಅದನ್ನು ನೀವು ವರದಿಯ ಪ್ರತಿ ಹಿಡಿದುಕೊಂಡೇ ತುಂಬಬೇಕು, ಇನ್ನೊಬ್ಬರ ಪ್ರಬಂಧ ನೋಡಿಕೊಂಡಲ್ಲ.

ಆರೇಳು ವಾಕ್ಯ ಬರೆದು ಪ್ಯಾರಾದ ಕೊನೆಗೆ ಒಂದೇ ಒಂದು ಆವರಣ ಹಾಕುವ ರೂಢಿ ಎಲ್ಲೆಡೆ ಇದೆ. ಆ ಆವರಣ ಕೊನೆಯ ವಾಕ್ಯಕ್ಕೋ, ಇಡೀ ಪ್ಯಾರಾಕ್ಕೋ? ನಡುವೆ ನಿಮ್ಮ ಅಭಿಪ್ರಾಯ ಸೇರಿಕೊಂಡಿದ್ದರೆ ಅದೂ ಆ ಲೇಖಕರ ತಲೆಗೇ ಕಟ್ಟಿದಂತಾಯಿತು. ಕನ್ನಡದಲ್ಲಿ ಇದಕ್ಕೆ ಸುಲಭ ದಾರಿ: ಆಕರದವರ ಹೆಸರನ್ನು ವಾಕ್ಯದ ತಲೆಯಲ್ಲಿಡಿ, ಪುಟವನ್ನು ಪೂರ್ಣವಿರಾಮದ ಮುಂಚೆ ಇಡಿ. ಅವರ ಮಾತು ಎಲ್ಲಿಂದ ಎಲ್ಲಿಯವರೆಗೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಕ್ರಿಯಾಪದವನ್ನೂ ಅಳೆದು ಬಳಸಿ. "ದಾಖಲಿಸುತ್ತಾರೆ", "ವಾದಿಸುತ್ತಾರೆ", "ಊಹಿಸುತ್ತಾರೆ" ಮೂರೂ ಬೇರೆ ಬೇರೆ ತೂಕದ ಮಾತು. ಮೂಲದಲ್ಲಿ ಊಹೆಯಾಗಿದ್ದದ್ದು ನಿಮ್ಮಲ್ಲಿ "ಸಾಬೀತುಪಡಿಸಿದ್ದಾರೆ" ಆಗಿದ್ದರೆ, ಪುಟಸಂಖ್ಯೆ ಸರಿಯಿದ್ದರೂ ಉಲ್ಲೇಖ ಸುಳ್ಳು.

ಉದ್ದನೆಯ ಉದ್ಧರಣೆಯನ್ನು ಎಪಿಎ 40 ಪದ ಮುಟ್ಟಿದ ಕೂಡಲೇ ಪ್ರತ್ಯೇಕ ಪ್ಯಾರಾ ಮಾಡಿಸುತ್ತದೆ. ಎಂಎಲ್‌ಎ ಗದ್ಯವಾದರೆ ನಾಲ್ಕು ಸಾಲು ದಾಟಿದಾಗ. ಕನ್ನಡದಲ್ಲಿ ವಿಭಕ್ತಿ, ಸಂಧಿ, ಸಮಾಸ ಎಲ್ಲ ಸೇರಿ ಪದಗಳೇ ಉದ್ದ. 40 ಪದ ಹೆಚ್ಚು ಜಾಗ ಹಿಡಿಯುತ್ತದೆ. ವಿಭಾಗದ ನಿಯಮ ಅಡ್ಡ ಬರದಿದ್ದರೆ ಸಾಲಿನ ಲೆಕ್ಕವೇ ನಮಗೆ ವಾಸಿ.

ಹೆಸರು ಬದಲಾದ ಊರು, ಗಡಿ ಬದಲಾದ ಜಿಲ್ಲೆ

ಗುಲ್ಬರ್ಗಾ 2014ರ ನವೆಂಬರ್ 1ರಿಂದ ಕಲಬುರಗಿ ಆಯಿತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ನಿಮ್ಮ ಸ್ವಂತ ವಾಕ್ಯಗಳಲ್ಲಿ ಹೊಸ ಹೆಸರು ಬಳಸಿ, ತಕರಾರಿಲ್ಲ. ಆದರೆ ಪುಸ್ತಕದ ಶೀರ್ಷಿಕೆ, ಪ್ರಕಟಣೆಯ ಸ್ಥಳ, ಉದ್ಧರಣೆಯೊಳಗಿನ ಮಾತು ಇವನ್ನು ಮುಟ್ಟಬಾರದು. ಜಿಲ್ಲೆಯ ಮಾಹಿತಿ ಕೊಡುವ ಸರ್ಕಾರಿ ಗ್ರಂಥವಾದ 1966ರ ಗ್ಯಾಸೆಟಿಯರ್‌ನ ಮುಖಪುಟದಲ್ಲಿ ಗುಲ್ಬರ್ಗಾ ಜಿಲ್ಲೆ ಎಂದಿದೆ. ನೀವು ಕಲಬುರಗಿ ಎಂದು ತಿದ್ದಿದರೆ ಗ್ರಂಥಾಲಯದ ಕ್ಯಾಟಲಾಗ್‌ನಲ್ಲಿ ಅದು ಯಾರಿಗೂ ಸಿಗುವುದಿಲ್ಲ. ಹೊರಡಿಸಿದ್ದು "ಕರ್ನಾಟಕ ಸರ್ಕಾರ" ಎಂದು ಬರೆದರೂ ತಪ್ಪೇ. ರಾಜ್ಯಕ್ಕೆ ಆ ಹೆಸರು ಬಂದದ್ದು 1973ರಲ್ಲಿ, ಅಲ್ಲಿಯವರೆಗೆ ಮೈಸೂರು. ಬೀದರ್ ಗ್ಯಾಸೆಟಿಯರ್ 1977ರದ್ದು, ಅದರ ಮೇಲೆ ಕರ್ನಾಟಕ ಎಂದಿದ್ದರೆ ಸರಿ.

ದೊಡ್ಡ ಅನಾಹುತ ಆಗುವುದು ವರ್ಡ್‌ನ "ಹುಡುಕಿ ಬದಲಿಸಿ" ಸೌಲಭ್ಯದಿಂದ. ಇಡೀ ಕಡತದಲ್ಲಿ ಒಂದೇ ಏಟಿಗೆ ಗುಲ್ಬರ್ಗಾ ತೆಗೆದು ಕಲಬುರಗಿ ಹಾಕಿದರೆ ಶೀರ್ಷಿಕೆಗಳು, ಹಳೆಯ ಸಂಸ್ಥೆಗಳ ಹೆಸರು, ಉದ್ಧರಣೆ ಎಲ್ಲವೂ ಕೆಡುತ್ತವೆ. ಬದಲಿಸಲೇಬೇಕಿದ್ದರೆ ಒಂದೊಂದನ್ನೇ ನೋಡಿ ಬದಲಿಸಿ.

ಗಡಿಯ ತಪ್ಪು ಇನ್ನೂ ಅಪಾಯದ್ದು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. 2001ರ ಜನಗಣತಿಯಲ್ಲಿ ಗುಲ್ಬರ್ಗಾ ಜಿಲ್ಲೆಯ ಜನಸಂಖ್ಯೆ ಸುಮಾರು 31.31 ಲಕ್ಷ, 2011ರಲ್ಲಿ 25.66 ಲಕ್ಷ. ಎರಡೂ ಅಂಕಿ ಸರಿ, ಎರಡಕ್ಕೂ ಆಕರ ಇದೆ. ಅಕ್ಕಪಕ್ಕ ಕೋಷ್ಟಕದಲ್ಲಿಟ್ಟರೆ ಹತ್ತು ವರ್ಷದಲ್ಲಿ ಆರು ಲಕ್ಷದಷ್ಟು ಜನ ಮಾಯವಾದಂತೆ ಕಾಣುತ್ತದೆ! "ಗುಳೆ ಹೋದ ಪರಿಣಾಮ" ಎಂದು ವಿಶ್ಲೇಷಣೆ ಬರೆಯಲು ಕೈ ತುರಿಸುವುದೂ ಸಹಜ. ನಿಜ ಸಂಗತಿ, 2009ರ ಡಿಸೆಂಬರ್ ಕೊನೆಗೆ ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಬೇರೆಯಾಗಿ ಯಾದಗಿರಿ ಜಿಲ್ಲೆಯಾದವು. ಅಲ್ಲಿಯ 11.74 ಲಕ್ಷ ಸೇರಿಸಿದರೆ 2011ರ ಮೊತ್ತ 37.40 ಲಕ್ಷ, ಅಂದರೆ ಇಳಿಕೆಯಲ್ಲ, ಶೇ. 19ರಷ್ಟು ಏರಿಕೆ. ಇಂಥ ಕೋಷ್ಟಕದ ಕೆಳಗೆ ಎರಡು ಸಾಲು ಬೇಕೇ ಬೇಕು: ಆಕರ ಯಾವುದು, ಮತ್ತು "2001ರ ಅಂಕಿಯಲ್ಲಿ ಈಗಿನ ಯಾದಗಿರಿ ಜಿಲ್ಲೆಯೂ ಸೇರಿದೆ" ಎಂಬ ಸೂಚನೆ.

ಬೀದರ್‌ನವರಿಗೂ ಇದೇ ಪಾಡು. 1951ರ ಬೀದರ್ ಜಿಲ್ಲೆಯಲ್ಲಿ ಉದಗೀರ, ನಿಲಂಗಾ, ಅಹ್ಮದಪುರ, ಜಹೀರಾಬಾದ್, ನಾರಾಯಣಖೇಡಗಳೂ ಇದ್ದವು. 1956ರ ರಾಜ್ಯ ಮರುವಿಂಗಡಣೆಯಲ್ಲಿ ಕೆಲವು ಮರಾಠಿ ಕಡೆಗೆ, ಕೆಲವು ತೆಲುಗು ಕಡೆಗೆ ಹೋದವು. ಆ ಅಂಕಿಗಳನ್ನು ಇಂದಿನ ಜಿಲ್ಲೆಗೆ ನೇರ ಹೋಲಿಸುವಂತಿಲ್ಲ. ತಾಲ್ಲೂಕುವಾರು ಬಿಡಿಸಿ ಕೂಡಬೇಕು.

ನಿಜಾಮರ ಕಾಲದ ಆಡಳಿತ ವರದಿಗಳಲ್ಲಿ ಇಸವಿ ಫಸಲಿಯಲ್ಲಿ (ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷಗಣನೆ) ಇರುತ್ತದೆ. ಫಸಲಿಗೆ 590 ಕೂಡಿಸಿದರೆ ಕ್ರಿ.ಶ. ಸಿಗುತ್ತದೆ, ಆದರೆ ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್‌ನಲ್ಲಿ ಶುರುವಾಗುತ್ತಿತ್ತು. ಹೀಗಾಗಿ 1350 ಫಸಲಿ ಎಂದರೆ 1940-41, ಬರೀ 1940 ಅಲ್ಲ. ಉಲ್ಲೇಖದಲ್ಲಿ ಮೂಲದ ವರ್ಷ ಮೊದಲು, ಸಮಾನ ವರ್ಷ ಆವರಣದಲ್ಲಿ: 1350 ಫಸಲಿ (1940-41). ಶಾಸನದ ಶಕವರ್ಷಕ್ಕೂ ಹೀಗೆಯೇ, ಅಲ್ಲಿ ಕೂಡಿಸಬೇಕಾದ್ದು 78. ವರ್ಷಾಂತ್ಯದ ತಿಂಗಳುಗಳಾದರೆ 79.

ವಚನ, ಶಾಸನ, ಹಳಗನ್ನಡ

ವಚನಕ್ಕೆ ಪುಟಸಂಖ್ಯೆ ಕೊಟ್ಟರೆ ಸಾಲದು. ಕರ್ನಾಟಕ ಸರ್ಕಾರದ ಸಮಗ್ರ ವಚನ ಸಂಪುಟಗಳು 15. ಮರುಮುದ್ರಣವಾದಾಗ ಪುಟ ಹಿಂದೆ ಮುಂದೆ ಆಗುತ್ತದೆ. ಆದ್ದರಿಂದ ವಚನಕಾರರ ಹೆಸರು, ಸಂಪುಟ, ವಚನ ಸಂಖ್ಯೆ, ಮುದ್ರಣದ ವರ್ಷ ಇಷ್ಟೂ ಬೇಕು. ಬೇರೆ ಸಂಪಾದಕರ ಆವೃತ್ತಿಯಲ್ಲಿ ಅದೇ ವಚನಕ್ಕೆ ಬೇರೆ ಸಂಖ್ಯೆ ಇರುತ್ತದೆ, ಪಾಠವೂ ಒಂದೆರಡು ಕಡೆ ಬೇರೆ. ವಾಟ್ಸಾಪ್‌ನಲ್ಲಿ ಬಂದ "ಬಸವಣ್ಣನವರ ವಚನ"ವನ್ನು ಸಂಪುಟದಲ್ಲಿ ಹುಡುಕಿ ನೋಡದೆ ಪ್ರಬಂಧಕ್ಕೆ ತರಬೇಡಿ. ಅಂಕಿತ ಕೂಡಲಸಂಗಮದೇವ ಎಂದಿದ್ದ ಮಾತ್ರಕ್ಕೆ ಅದು ಬಸವಣ್ಣನವರದೇ ಆಗಬೇಕಿಲ್ಲ.

ಮಳಖೇಡದ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗಕ್ಕೆ ಪರಿಚ್ಛೇದ ಮತ್ತು ಪದ್ಯಸಂಖ್ಯೆ ಕೊಡುವುದು ರೂಢಿ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಪದ್ಯವಾದರೆ 1-36. ಕರ್ತೃ ಯಾರೆಂದು ಬರೆಯುವುದು? ಕೆ.ಬಿ. ಪಾಠಕ್ 1898ರಲ್ಲಿ ಅಚ್ಚು ಹಾಕಿಸಿದಾಗ ಅದು ನೃಪತುಂಗನ ಹೆಸರಿನಲ್ಲಿತ್ತು. ಈಗ ಹೆಚ್ಚಿನವರು ಶ್ರೀವಿಜಯ ಎನ್ನುತ್ತಾರೆ. ನಿಮ್ಮ ಕೈಲಿರುವ ಆವೃತ್ತಿಯ ಶೀರ್ಷಿಕೆ ಪುಟದಲ್ಲಿ ಯಾರ ಹೆಸರಿದೆಯೋ ಗ್ರಂಥಋಣದಲ್ಲಿ ಅದನ್ನೇ ಹಾಕಿ, ಚರ್ಚೆಯನ್ನು ಅಧ್ಯಾಯದೊಳಗೆ ಮಾಡಿ.

ಶಾಸನಕ್ಕೆ ಸಂಪುಟ, ಶಾಸನ ಸಂಖ್ಯೆ, ಊರು, ಕಾಲ, ಸಾಲು. ಸಾಲಿನ ಸಂಖ್ಯೆ ಬಿಡುವವರೇ ಹೆಚ್ಚು. ಐವತ್ತು ಸಾಲಿನ ದಾನಶಾಸನದಲ್ಲಿ ನಿಮ್ಮ ಒಂದು ಪದವನ್ನು ಓದುವವರು ಎಲ್ಲಿ ಹುಡುಕಬೇಕು? ಕ್ಷೇತ್ರಕಾರ್ಯದಲ್ಲಿ ಕಲ್ಲನ್ನೇ ಓದಿದ್ದರೆ ಹಾಗೆಂದೇ ಬರೆಯಿರಿ, ದಿನಾಂಕ ಸಮೇತ.

ಪತ್ರಿಕೆ ವರದಿಗೆ ಆವೃತ್ತಿ ಮುಖ್ಯ. ಕಲಬುರಗಿ ಆವೃತ್ತಿಯ ಜಿಲ್ಲಾ ಪುಟದಲ್ಲಿ ಬಂದ ಸುದ್ದಿ ಬೆಂಗಳೂರು ಆವೃತ್ತಿಯಲ್ಲಿ ಇರುವುದೇ ಇಲ್ಲ.

ಹೆಸರುಗಳು

ಡಾ., ಪ್ರೊ., ಶ್ರೀ ಎಲ್ಲ ಗ್ರಂಥಋಣದಲ್ಲಿ ಬಿಡಬೇಕು. ಅಡ್ಡಹೆಸರು ಮೊದಲು: ಕಲಬುರ್ಗಿ, ಎಂ. ಎಂ.; ನಾಗಭೂಷಣ, ಗೀತಾ. ಕಾವ್ಯನಾಮದಲ್ಲಿ ಅಚ್ಚಾಗಿದ್ದರೆ ಕಾವ್ಯನಾಮವೇ. ನಮ್ಮ ಕಡೆ ಪಾಟೀಲ, ಬಿರಾದಾರ, ಹಿರೇಮಠ ಹೆಸರಿನ ಲೇಖಕರು ಒಂದೇ ಪಟ್ಟಿಯಲ್ಲಿ ನಾಲ್ಕೈದು ಜನ ಬರುವುದುಂಟು. ಆಗ ವಾಕ್ಯದೊಳಗೂ ಹೆಸರಿನ ಮೊದಲಕ್ಷರ ಸೇರಿಸಿ. ಒಬ್ಬರದೇ ಒಂದೇ ವರ್ಷದ ಎರಡು ಕೃತಿಗಳಿದ್ದರೆ 2015ಅ, 2015ಆ.

ನೋಡದ ಪುಸ್ತಕ, ಅನುವಾದ, ಶೇಕಡಾವಾರು

ಬೀದರ್ ಕೋಟೆಯ ಮೇಲೆ ಬರೆಯುವವರೆಲ್ಲರ ಪಟ್ಟಿಯಲ್ಲೂ ಗುಲಾಮ್ ಯಜ್ದಾನಿ ಅವರ 1947ರ ಗ್ರಂಥ ಇರುತ್ತದೆ. ತೆರೆದು ನೋಡಿದವರು ಅಷ್ಟಿಲ್ಲ. ಇನ್ನೊಬ್ಬರ ಪುಸ್ತಕದಲ್ಲಿ ಯಜ್ದಾನಿ ಮಾತು ಓದಿದ್ದರೆ "ಯಜ್ದಾನಿ, 1947, ಉದ್ಧೃತ: ಇಂಥವರು, ಪು. ಇಷ್ಟು" ಎಂದು ಬರೆಯಿರಿ, ಪಟ್ಟಿಯಲ್ಲಿ ನೀವು ಓದಿದ ಪುಸ್ತಕವನ್ನು ಮಾತ್ರ ಹಾಕಿ. ಮೂಲದ ಉಲ್ಲೇಖ ಕದ್ದವರು ಸಿಕ್ಕಿಬೀಳುವುದು ತಪ್ಪು ಪುಟಸಂಖ್ಯೆಯಿಂದ: ಮೊದಲು ಬರೆದವರ ಅಚ್ಚಿನ ದೋಷ ಶೋಧಗಂಗಾದ (ಪಿಎಚ್‌.ಡಿ. ಪ್ರಬಂಧಗಳ ಆನ್‌ಲೈನ್ ಸಂಗ್ರಹ) ಪ್ರಬಂಧದಿಂದ ಪ್ರಬಂಧಕ್ಕೆ ಹಾಗೇ ಇಳಿದು ಬರುತ್ತದೆ. ಎಐ ಚಾಟ್‌ಬಾಟ್ ಕೊಟ್ಟ ಪಟ್ಟಿಯಂತೂ ಇನ್ನೂ ಕೆಟ್ಟದ್ದು. ಇಲ್ಲದ ಪುಸ್ತಕಕ್ಕೂ ಪ್ರಕಾಶಕರನ್ನು ಹುಟ್ಟಿಸಿಬಿಡುತ್ತದೆ.

ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮದಲ್ಲಿ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ. 10ರವರೆಗೆ ದಂಡನೆಯಿಲ್ಲ, 10ರಿಂದ 40ರವರೆಗೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60 ಆದರೆ ಒಂದು ವರ್ಷ ತಿದ್ದಿದ್ದನ್ನೂ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿ ರದ್ದು. ಸರಿಯಾಗಿ ಉಲ್ಲೇಖಿಸಿದ ಉದ್ಧರಣೆ, ಗ್ರಂಥಋಣ, ಪರಿವಿಡಿ, ಕೃತಜ್ಞತೆ, ಸಾಮಾನ್ಯ ಜ್ಞಾನ ಮತ್ತು ಸತತ 14 ಪದದವರೆಗಿನ ಆಕಸ್ಮಿಕ ಹೋಲಿಕೆ ಲೆಕ್ಕಕ್ಕಿಲ್ಲ. ಇದನ್ನು "ಶೇ. 10ರಷ್ಟು ಕದಿಯಬಹುದು" ಎಂದು ಓದಿಕೊಂಡವರಿದ್ದಾರೆ. ತಂತ್ರಾಂಶ ಅಳೆಯುವುದು ಹೋಲಿಕೆಯನ್ನು ಮಾತ್ರ. ಇಂಗ್ಲಿಷ್ ಪುಸ್ತಕದ ಅಧ್ಯಾಯವನ್ನು ಕನ್ನಡಕ್ಕೆ ಇಳಿಸಿ ಹೆಸರು ಹೇಳದಿದ್ದರೆ ಹೋಲಿಕೆ ಸೊನ್ನೆ ಬರಬಹುದು, ಆದರೂ ಅದು ಕೃತಿಚೌರ್ಯವೇ. ಮೂಲದ ಪುಟ ಕೊಟ್ಟು "ಅನುವಾದ ನನ್ನದು" ಎಂದು ಸೇರಿಸಿದರೆ ಮುಗಿಯಿತು. ಯೂನಿಕೋಡ್ ಅಲ್ಲದ ಹಳೆಯ ನುಡಿ ಅಕ್ಷರದಲ್ಲಿ ಟೈಪಾದ ಕಡತ ತಂತ್ರಾಂಶಕ್ಕೆ ಬರೀ ಗೊಂದಲದ ಅಕ್ಷರ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರ ಮುರಿದಿದೆಯೇ ಎಂದು ಕಣ್ಣಾಡಿಸಿ.

ಸಲ್ಲಿಸುವ ಮುಂಚೆ

ಗ್ರಂಥಋಣದ ಮುದ್ರಿತ ಪ್ರತಿ ಹಿಡಿದುಕೊಂಡು ಅಧ್ಯಾಯಗಳನ್ನು ಓದುತ್ತಾ ಹೋಗಿ, ಕಂಡ ಪ್ರತಿ ಆಕರಕ್ಕೂ ಪೆನ್ಸಿಲ್ ಗುರುತು ಹಾಕಿ. ಗುರುತು ಬೀಳದೆ ಉಳಿದದ್ದನ್ನು ಪಟ್ಟಿಯಿಂದ ತೆಗೆಯಿರಿ. ಅಧ್ಯಾಯದಲ್ಲಿದ್ದು ಪಟ್ಟಿಯಲ್ಲಿಲ್ಲದ್ದನ್ನು ಸೇರಿಸಿ. ಉಲ್ಲೇಖ ಜೋಡಿಸುವ ಜೊಟೆರೊ ತಂತ್ರಾಂಶ ಬಳಸಿದವರೂ ಇದನ್ನು ಬಿಡುವಂತಿಲ್ಲ: ಕೈಯಿಂದ ಟೈಪು ಮಾಡಿದ ಆವರಣ ಅದಕ್ಕೆ ಕಾಣುವುದಿಲ್ಲ, "ಮತ್ತು ಇತರರು" ಬರಬೇಕಾದಲ್ಲಿ ಇಂಗ್ಲಿಷ್ ರೂಪ ಕೂತಿರಬಹುದು. ಆಮೇಲೆ ಅಲ್ಲೊಂದು ಇಲ್ಲೊಂದು ಹತ್ತು ಪುಟಸಂಖ್ಯೆ ಆರಿಸಿ ಮೂಲ ಪುಸ್ತಕ ತೆರೆದು ನೋಡಿ. ಹತ್ತರಲ್ಲಿ ಎರಡು ತಪ್ಪು ಸಿಕ್ಕರೆ ಉಳಿದ ಎಲ್ಲವನ್ನೂ ನೋಡಬೇಕಾಗುತ್ತದೆ. ಅದಕ್ಕೆ ಸಲ್ಲಿಕೆಗೆ ಮುಂಚೆ ಎರಡು ವಾರವಾದರೂ ಕೈಯಲ್ಲಿಟ್ಟುಕೊಳ್ಳಿ.